ಶನಿವಾರದ ಟೈಮಿಂಗು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮತ್ತೆ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು. ಸುಳ್ಳೇನಲ್ಲ. ಆದರೆ ನಮ್ಮ ಹಳೇ ಸ್ಕೂಟರಿನ ಮೇಲೆ ಬರುತ್ತಿದ್ದಷ್ಟು ಸಿಟ್ಟು ನನಗೆ ಯಾವ ಮನುಷ್ಯರ ಮೇಲೂ ಬಂದದ್ದಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಹೊಸದಾಗಿ ಮದುವೆಯಾಗಿ ದಾವಣಗೆರೆಯ ವಿನೋಬನಗರಕ್ಕೆ ಬಂದಿದ್ದೆ. ಸಣ್ಣ ಮನೆ, ಅದರ ತುಂಬ ಅತ್ತೆ, ಮಾವ, ಮೈದುನರು, ನಾದಿನಿ. ಗಂಡನ ಜೊತೆ ಒಂದು ಮಾತಾಡೋಣವೆಂದರೆ ಯಾರಾದರೂ ನೀರು ಕೇಳಿಕೊಂಡು ಬರುತ್ತಿದ್ದರು. ಗಂಡನಿಗೋ ಮೊದಲೇ ಮಾತು ಕಮ್ಮಿ. ಹರಿಹರದ ಕಾರ್ಖಾನೆಯೊಂದರಲ್ಲಿ ಕೆಲಸ, ದಿನಾ ಸ್ಕೂಟರಿನಲ್ಲೇ ಓಡಾಟ. ಭಾನುವಾರ ಮಾತ್ರ ನಾವಿಬ್ಬರೇ ಹರಿಹರದ ದೇವಸ್ಥಾನಕ್ಕೆ ಹೋಗಿ, ಹೊಳೆ ನೋಡಿಕೊಂಡು ಬರಲು ಮನೆಯಲ್ಲಿ ಅಪ್ಪಣೆಯಿತ್ತು. ವಾರವಿಡೀ ನಾನು ಆ ಭಾನುವಾರಕ್ಕಾಗಿಯೇ ಬದುಕುತ್ತಿದ್ದೆ.

ಆ ದರಿದ್ರ ಗಾಡಿ ಮಾತ್ರ ಊರು ದಾಟುವುದೇ ತಡ, ಏದುಸಿರು ಬಿಡಲು ಶುರು. ಎಷ್ಟು ಎಕ್ಸಿಲೇಟರ್ ತಿರುವಿದರೂ ಎಳೆತವಿಲ್ಲ. ಅರ್ಧ ದಾರಿಗೆ ಇಂಜಿನ್ ಕೆಂಡವಾಗುತ್ತಿತ್ತು. ಅವರು ರಸ್ತೆ ಪಕ್ಕದ ಒಂದು ಹುಣಸೆಮರದ ಕೆಳಗೆ ನಿಲ್ಲಿಸಿ, ಇಂಜಿನ್ನಿನ ಮುಚ್ಚಳ ತೆಗೆದಿಟ್ಟು, "ಸ್ವಲ್ಪ ಆರ್ಲಿ" ಅನ್ನುತ್ತಿದ್ದರು.

ಅಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದೆವು. ಮನೆಯಲ್ಲಿ ತುಟಿ ಬಿಚ್ಚದ ಮನುಷ್ಯ ಅಲ್ಲಿ ಬಾಯಿ ಬಿಡುತ್ತಿದ್ದರು. ಚಿಕ್ಕವರಿದ್ದಾಗ ಹೊಳೆಯಲ್ಲಿ ಮುಳುಗಿ ಬದುಕಿದ್ದು, ಅವರಪ್ಪನ ಎದುರು ಇವತ್ತಿಗೂ ಕಾಲು ನಡುಗುವುದು, ನನ್ನನ್ನು ನೋಡಲು ಬಂದ ದಿನ ಉಪ್ಪಿಟ್ಟು ಗಂಟಲಲ್ಲೇ ಸಿಕ್ಕಿಕೊಂಡದ್ದು. ಹೇಳುತ್ತಾ ಹೇಳುತ್ತಾ ಮಂಡಕ್ಕಿಯೊಳಗಿನ ಶೇಂಗಾ ಆರಿಸಿ ನನ್ನ ಕಡೆ ಸರಿಸುತ್ತಿದ್ದರು. ಗುರುತಿನವರು ಯಾರಾದರೂ ಹಾಯ್ದರೆ, "ಯಾಕ್ರೀ, ಗಾಡಿ ಕೆಟ್ಟೈತಾ?" ಅಂತ ಕೇಳಿ, ಅಯ್ಯೋ ಪಾಪ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಗಂಡ ಹೆಂಡತಿ ಸುಮ್ಮನೆ ಮರದ ಕೆಳಗೆ ಕೂತಿದ್ದರೆ ನಮಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತಿತ್ತು.

ಒಂದು ಭಾನುವಾರ ತೀರಾ ತಡವಾಗಿ ಬಂದೆವು. ಅತ್ತೆ ಬಾಗಿಲಲ್ಲೇ ಶುರುಮಾಡಿದರು. "ಆ ಡಬ್ಬಾ ಗಾಡಿ ಸಾಕು. ಇನ್ಮ್ಯಾಲೆ ಬಸ್ಸಿಗೆ ಹೋಗ್ರಿ. ನಾನೂ ಬರ್ತೀನಿ, ಹುಡುಗ್ರೂ ಬರ್ತಾವೆ."

ಮಾರನೇ ದಿನ ಗಂಡ ಕೆಲಸಕ್ಕೆ ಹೋದ ಮೇಲೆ, ತರಕಾರಿ ತರುವ ನೆಪ ಮಾಡಿ, ನಮ್ಮ ಗಾಡಿ ನೋಡುತ್ತಿದ್ದ ಮೆಕ್ಯಾನಿಕ್ ಸಾಬರ ಗ್ಯಾರೇಜಿಗೆ ಹೋದೆ.

"ಏನ್ ಭಾಯಿ, ಎಂಥ ರಿಪೇರಿ ಮಾಡ್ತೀರಿ ನೀವು? ಹರಿಹರ ಮುಟ್ಟೋದ್ರಾಗೆ ಗಾಡಿ ಬೆಂಕಿ ಆಗ್ತೈತೆ!"

ಸಾಬರು ಕೈಯಲ್ಲಿದ್ದ ಸ್ಪ್ಯಾನರಿನಿಂದ ತಲೆ ಕೆರೆದುಕೊಂಡರು. "ಗಾಡಿ ಸರಿ ಐತೆ ತಂಗ್ಯಮ್ಮ. ಸೋಮವಾರ ಬೆಳಿಗ್ಗೆ ನಾನೇ ಟೈಮಿಂಗ್ ಮುಂದಕ್ಕೆ ತಂದು ಕೊಡ್ತೀನಿ, ವಾರಪೂರ್ತಿ ಕುದುರೆ ಓಡ್ದಂಗೆ ಓಡ್ತೈತೆ. ಶನಿವಾರ ನಿಮ್ಮ ಯಜಮಾನ್ರೇ ಬಂದು ನನ್ ಕೈಲೇ ಹಿಂದಕ್ಕೆ ತಿರುಗಿಸ್ಕೊಂಡು ಹೋಗ್ತಾರೆ. ಬ್ಯಾಡ್ರಿ, ಬಿಸಿ ಆಗ್ತೈತೆ ಅಂದ್ರೆ ಕೇಳಂಗಿಲ್ಲ. ನಕ್ಕೊಂತ ಹೋಗ್ತಾರೆ."

ನನಗೆ ತಲೆಬುಡ ತಿಳಿಯಲಿಲ್ಲ. ಸಾಬರು ಬಿಡಿಸಿ ಹೇಳಿದರು. ಇಂಜಿನ್ನೊಳಗೆ ಪಿಸ್ಟನ್ ಮೇಲೆ ಬಂದು ಮುಟ್ಟುವ ಮೊದಲೇ ಕಿಡಿ ಹಾರಬೇಕಂತೆ. ಬೆಂಕಿ ಹರಡಲಿಕ್ಕೂ ಹೊತ್ತು ಬೇಕಲ್ಲ. ನೆಂಟರು ಎಲೆ ಮುಂದೆ ಕೂತ ಮೇಲೆ ಒಲೆ ಹಚ್ಚಿದರೆ ಆಗುತ್ತದೆಯೇ? ಒಳಗಿನ ಒಂದು ಪ್ಲೇಟನ್ನು ಚೂರೇ ಚೂರು ತಿರುಗಿಸಿದರೂ ಕಿಡಿ ತಡವಾಗುತ್ತದೆ. ಆಗ ಎಳೆತ ಹೋಗಿ, ಇಂಜಿನ್ ಕಾದುಬಿಡುತ್ತದೆ.

ನಿಂತಲ್ಲೇ ನನಗೆ ಎಲ್ಲ ತಿಳಿದುಹೋಯಿತು. ಕಳ್ಳ! ಕೂತು ಮಾತಾಡೋಣ ಬಾ ಅನ್ನಲು ಬಾಯಿ ಬರದವರು ಗಾಡಿಯನ್ನೇ ಕೆಡಿಸಿಕೊಂಡು ಬರುತ್ತಿದ್ದರು. ಮದುವೆಯಾಗಿ ತಿಂಗಳುಗಳೇ ಕಳೆದಿದ್ದವು, ಆದರೆ ನನಗೆ ನನ್ನ ಗಂಡನ ಮೇಲೆ ಪ್ರೀತಿ ಹುಟ್ಟಿದ್ದು ಆ ಗ್ಯಾರೇಜಿನ ಎಣ್ಣೆ ನೆಲದ ಮೇಲೆ.

"ಹಂಗಾದ್ರೆ ಈ ಶನಿವಾರ ತಿರುಗಿಸಬ್ಯಾಡಾ?" ಅಂದರು ಸಾಬರು.

"ಅಯ್ಯೋ, ತಿರುಗಿಸ್ರಿ! ಅವ್ರು ಹೇಳ್ದಂಗೇ ಮಾಡ್ರಿ. ನಾನು ಬಂದಿದ್ದು ಮಾತ್ರ ಹೇಳಬ್ಯಾಡ್ರಿ."

ಮನೆಗೆ ಬಂದು ಅತ್ತೆಯ ಮುಂದೆ ಮುಖ ಗಂಟು ಹಾಕಿಕೊಂಡು ಹೇಳಿದೆ: "ಹಳೇ ಇಂಜಿನ್ ಅಂತೆ, ಅರ್ಧ ದಾರೀಲಿ ಆರಿಸ್ಕೊಂಡು ಹೋದ್ರೆ ಏನೂ ಆಗಲ್ವಂತೆ. ಬಸ್ಸಿನಾಗೆ ನಿಮಗೆ ವಾಂತಿ ಬೇರೆ ಆಗ್ತೈತೆ, ಯಾಕ ಬೇಕತ್ತೆ?" ಅತ್ತೆ ಗೊಣಗಿ ಸುಮ್ಮನಾದರು.

ಮುಂದಿನ ಭಾನುವಾರ, ಮರ ಇನ್ನೂ ದೂರ ಇರುವಾಗಲೇ ಹಿಂದಿನಿಂದ ಅಂದೆ: "ರೀ, ಗಾಡಿ ಬಿಸಿ ಆದಂಗೈತೆ. ನಿಲ್ಲಿಸ್ರಿ." ಅವರು ತಿರುಗಿ ನನ್ನನ್ನು ನೋಡಿದರು. ಕಿವಿ ಕೆಂಪಾಗಿತ್ತು. ಇಬ್ಬರೂ ಆ ವಿಷಯ ಎತ್ತಲಿಲ್ಲ, ಕೊನೆಯವರೆಗೂ.

ಆಮೇಲೆ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮದೇ ಮನೆಯಾಯಿತು, ಹೊಸ ಗಾಡಿ ಬಂತು. ಅದರಲ್ಲಿ ತಿರುಗಿಸುವ ಪ್ಲೇಟೇ ಇರಲಿಲ್ಲ, ಕಿಡಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಎಲ್ಲಿಯೂ ನಿಲ್ಲದೆ ಹರಿಹರ ಮುಟ್ಟುತ್ತಿದ್ದೆವು. ಮಾತಾಡಲು ಇಡೀ ಮನೆಯೇ ಇತ್ತು, ಅವರು ಮತ್ತೆ ಮೌನವಾದರು. ಈಗ ಅವರೂ ಇಲ್ಲ. ಆ ಕೆಟ್ಟ ಗಾಡಿ ಬೇಕು ಅನ್ನಿಸುತ್ತದೆ.

ಮೊನ್ನೆ ಮಗಳು ತನ್ನ ಬ್ಯಾಟರಿ ಸ್ಕೂಟರಿನಲ್ಲಿ ನನ್ನನ್ನು ಹರಿಹರಕ್ಕೆ ಕರೆದೊಯ್ದಳು. ರಸ್ತೆ ಅಗಲವಾಗಿದೆ, ಹುಣಸೆಮರ ಇಲ್ಲ. ಅಂದಾಜಿನ ಮೇಲೆ ಅವಳ ಭುಜ ತಟ್ಟಿದೆ. "ನಿಲ್ಸವ್ವ, ಸ್ವಲ್ಪ ಆರ್ಲಿ."

"ಏನ್ ಆರ್ಬೇಕಮ್ಮ? ಇದ್ರಾಗೆ ಇಂಜಿನ್ನೇ ಇಲ್ಲ."

"ಗೊತ್ತೈತೆ. ನಿಲ್ಸು."

ನಿಲ್ಲಿಸಿದಳು. ರಸ್ತೆ ಪಕ್ಕದ ಕಲ್ಲಿನ ಮೇಲೆ ಕೂತು ಮಂಡಕ್ಕಿ ಪೊಟ್ಟಣ ಬಿಚ್ಚಿದೆ. ಶೇಂಗಾ ಆರಿಸಿ ಅವಳ ಕಡೆ ಸರಿಸಿದೆ. ಅದನ್ನು ಬಾಯಿಗೆ ಹಾಕಿಕೊಂಡು ಕೇಳಿದಳು: "ಅಮ್ಮ, ಅಪ್ಪ ಮನ್ಯಾಗೆ ಮಾತೇ ಆಡ್ತಿರ್ಲಿಲ್ಲ. ನಿನ್ನ ಜೊತೆನಾದ್ರೂ ಮಾತಾಡ್ತಿದ್ರಾ?"

"ಮನ್ಯಾಗಲ್ಲವ್ವ," ಅಂದೆ. "ಇಲ್ಲಿ ಮಾತಾಡ್ತಿದ್ರು."