ಬೀಗದವರು ಯಾರನ್ನು ಕೇಳುತ್ತಿದ್ದರು

ಅವರನ್ನು ನಾನು ಮೊದಲು ಕಂಡದ್ದು, ನನ್ನ ಮನೆಯ ಹೊರಗೆ ನಾನೇ ಬೆಪ್ಪಳಂತೆ ನಿಂತಿದ್ದ ದಿನ. ಸಣ್ಣ ಉರಿಯಲ್ಲಿ ಹಾಲಿಟ್ಟು, ಬೀಗ ಹಾಕಿಕೊಂಡು, ಅಂಗಡಿಗೆ ಹೋಗಿ ಬಂದಿದ್ದೆ. ಬೀಗದಕೈ ಮುರಿಯಿತು. ಅರ್ಧ ನನ್ನ ಬೆರಳಲ್ಲಿ, ಅರ್ಧ ಬೀಗದ ಹೊಟ್ಟೆಯಲ್ಲಿ. ಬೀದಿಯ ತಿರುವಿನಲ್ಲಿ ಹೊಸದಾಗಿ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದ ಬೀಗದವರನ್ನು ಓಡಿಹೋಗಿ ಕರೆತಂದೆ.

ಅವರು ಬೀಗ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಬೇಗ ತೆಗೀರಿ, ಒಳಗೆ ಹಾಲು ಉಕ್ಕುತ್ತೆ," ಎಂದೆ.

"ಕೇಳಿ ಹೇಳ್ತೀನಮ್ಮ," ಎಂದು ಮೆಟ್ಟಿಲ ಮೇಲೆ ಕೂತು ಕಣ್ಣು ಮುಚ್ಚಿಬಿಟ್ಟರು. ಕಣ್ಣು ಬಿಟ್ಟವರೇ ಎದ್ದು ಹೋಗಿ ಪಕ್ಕದ ಬಾಗಿಲು ತಟ್ಟಿದರು. ಅದು ನನ್ನ ನಾದಿನಿಯ ಮನೆ, ತೀರಿಕೊಂಡ ನನ್ನ ಯಜಮಾನರ ತಂಗಿ.

"ಈ ಮನೆ ಇವರದೇನಾ?"

"ಮೂವತ್ತು ವರ್ಷದಿಂದ ಹಾಗಂದ್ಕೊಂಡಿದ್ದಾರೆ," ಎಂದಳು ನಾದಿನಿ.

ಬೀಗದವರು ತೆಗೆದರು. ಹಾಲು ಪಾತ್ರೆಗೆ ಹತ್ತಿ ಸೀದಿತ್ತು. ನನಗೆ ಸಿಟ್ಟು. "ಮೊದಲು ಕಣ್ಣು ಮುಚ್ಚಿ ಯಾರನ್ನ ಕೇಳಿದ್ರಿ?"

"ದೇವರನ್ನ."

"ಏನಂದ?"

"ಪಕ್ಕದ ಮನೆಯವರನ್ನ ಕೇಳು ಅಂದ."

ಇವನು ಕಳ್ಳನೋ ಹುಚ್ಚನೋ ಎಂದು ಅಂದಿನಿಂದಲೇ ಲೆಕ್ಕ ಹಾಕತೊಡಗಿದೆ. ಹಾಗಿದ್ದೂ ತಿಂಗಳ ಮೇಲೆ ನನ್ನ ಮುಂದಿನ ಕೋಣೆಯನ್ನು ಅವರಿಗೇ ಬಾಡಿಗೆಗೆ ಕೊಟ್ಟೆ. ಕೇಳಿದವರು ಬೇರೆ ಯಾರೂ ಇರಲಿಲ್ಲ. ಅದಕ್ಕೂ ಅವರು ನಾಲ್ಕು ದಿನ ಕೇಳಿ ಹೇಳಿದರು.

"ಚೆನ್ನಾಗಿದೆ ಅತ್ತಿಗೆ," ಎಂದಳು ನಾದಿನಿ. "ಬೀಗದವನನ್ನೇ ಒಳಗಿಟ್ಕೊಂಡು ಬಾಗಿಲಿಗೆ ಬೀಗ ಹಾಕ್ಕೊಂಡು ಮಲಗ್ತೀಯಲ್ಲ!"

ಬೀಗದವರಿಗೆ ಐವತ್ತರ ಹತ್ತಿರ. ತೆಳ್ಳಗಿನ ಆಳು, ಉಗುರಿನ ಸಂದಿಯಲ್ಲೆಲ್ಲ ಹಿತ್ತಾಳೆಯ ಪುಡಿ. ಕಚ್ಚು ಹಾಕದ ಬೀಗದಕೈಯನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡುತ್ತಿದ್ದರು. ಅದನ್ನು ಬೀಗದೊಳಗೆ ತೂರಿಸಿ ತಿರುಗಿಸಿ ತೆಗೆದರೆ, ಎಲ್ಲಿ ತಾಗಿತೋ ಅಲ್ಲಿ ಕಪ್ಪು ಅಳಿದಿರುತ್ತದೆ. ಅಷ್ಟು ಜಾಗವನ್ನು ಮಾತ್ರ ಅರದಿಂದ ಉಜ್ಜುವುದು. ಮತ್ತೆ ಹೊಗೆ, ಮತ್ತೆ ಬೀಗ, ಮತ್ತೆ ಅರ. ಅವಸರವೇ ಇಲ್ಲ.

ಕಸುಬು ಕಲಿಸಿದ್ದು ಸೋದರಮಾವ. ಆತ ಯಾರು ಬಂದರೂ ಮಾಡಿಕೊಡುತ್ತಿದ್ದನಂತೆ. ಹಾಗೆ ಇವರು ಹುಡುಗುತನದಲ್ಲಿ ಮಾಡಿಕೊಟ್ಟ ಒಂದು ಬೀಗದಕೈ ಯಾರದೋ ಮನೆಯನ್ನು ತೆರೆದು ಬರಿದು ಮಾಡಿತು. ಆ ಮನೆಯವಳು ಪೆಟ್ಟಿಗೆಯ ಮುಂದೆ ಬಂದು ಏನೂ ಬೈಯದೆ ಸುಮ್ಮನೆ ನಿಂತು ಹೋದಳಂತೆ. ಅಂದಿನಿಂದ ಕೇಳದೆ ಅರ ಮುಟ್ಟಿಲ್ಲ ಎಂದರು.

ಕೆಲಸಕ್ಕೆ ಮಾತ್ರವಾಗಿದ್ದರೆ ಒಪ್ಪಬಹುದಿತ್ತು. ಚಪ್ಪಲಿ ಹೊಲಿಸಲಾ ಹೊಸದು ಕೊಳ್ಳಲಾ, ಅದನ್ನೂ ಕೇಳುತ್ತಿದ್ದರು. "ಮದುವೆ ಯಾಕೆ ಆಗ್ಲಿಲ್ಲ?" ಎಂದು ಒಮ್ಮೆ ಕೆದಕಿದೆ.

"ಕೇಳ್ದೆ ಅಮ್ಮ. ಉತ್ತರ ಬರೋಷ್ಟರಲ್ಲಿ ಅವಳಿಗೆ ಬೇರೆ ಕಡೆ ಆಗೋಯ್ತು."

ನಾನೂ ಅವರಂತೆ ಭಾನುವಾರದ ಪ್ರಾರ್ಥನಾ ಸಭೆಗೆ ಹೋಗುವವಳೇ. ಬೆಳಿಗ್ಗೆ ಮೊಣಕಾಲೂರಿ ನನಗೇನು ಬೇಕೋ ಒಂದೊಂದಾಗಿ ಹೇಳಿ ಏಳುತ್ತೇನೆ. ಆದರೆ ಕರ್ತನಾದ ದೇವರು ಚಪ್ಪಲಿಯ ವಿಷಯಕ್ಕೆಲ್ಲ ಬಾಯಿ ಹಾಕುತ್ತಾನೆಂದರೆ ನಂಬುವುದು ಹೇಗೆ? ಒಂದು ಸೋಮವಾರ ಅವರು, "ಇವತ್ತು ಸಂತೆ ಕಡೆ ಹೋಗಬೇಡ ಅಂದ," ಎಂದು ಮನೆಯಲ್ಲೇ ಕೂತರು. ಸಂತೆಗೆ ಹೋಗಿ ಬಂದವರನ್ನೆಲ್ಲ ನಿಲ್ಲಿಸಿ ವಿಚಾರಿಸಿದೆ. ಅಲ್ಲಿ ಏನೂ ಆಗಿರಲಿಲ್ಲ. ವ್ಯಾಪಾರ ಭರ್ಜರಿಯಾಗಿತ್ತಂತೆ.

"ನಿಮ್ಮ ದೇವರು ನಷ್ಟ ಮಾಡಿಸ್ದ ನೋಡಿ," ಎಂದೆ.

"ಹೋಗಬೇಡ ಅಂದ. ಯಾಕೆ ಅಂತ ನಾನು ಕೇಳ್ಲಿಲ್ಲ."

"ಕೇಳೋದೇ ನಿಮ್ಮ ಕೆಲಸ ಅಲ್ವಾ?"

"ಅವನನ್ನ ಕೇಳೋರು ಬಹಳ ಜನ ಅಮ್ಮ. ಅವನ ಮಾತು ಕೇಳೋರು ಕಡಿಮೆ."

ಮಾತು ಚೆಂದವಿತ್ತು. ಚೆಂದದ ಮಾತಿನವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ಈಗ ಬೀರುವಿನ ವಿಷಯ ಹೇಳಬೇಕು. ಯಜಮಾನರು ಈ ಮನೆ ಯಾರಿಗೆಂದು ಬರೆದಿಟ್ಟ ಪತ್ರ ಅದರಲ್ಲಿತ್ತು. ನನಗೆ ಅಚ್ಚಿನ ಅಕ್ಷರ ಕೂಡಿಸಿ ಓದಲು ಬರುತ್ತದೆ, ಆ ಹಾವಿನಂಥ ಕೈಬರಹ ಬರುವುದಿಲ್ಲ. ನಾದಿನಿ ಸರಾಗವಾಗಿ ಓದುತ್ತಾಳೆ. ಅವಳ ಹೆಸರೂ ಅದರಲ್ಲಿ ಇದ್ದುಬಿಟ್ಟರೆ ಎಂಬ ಹೆದರಿಕೆಗೆ ಯಾರ ಕೈಯಲ್ಲೂ ಓದಿಸದೆ ಹನ್ನೊಂದು ವರ್ಷ ಬೀಗ ಹಾಕಿಟ್ಟಿದ್ದೆ. ಬೀಗದಕೈ ನನ್ನ ಕೊರಳ ದಾರದಲ್ಲಿ. ಸ್ನಾನಕ್ಕೆ ಹೋಗುವಾಗ ಮಾತ್ರ ಮೊಳೆಗೆ ತಗುಲಿಸುತ್ತಿದ್ದೆ.

ಅವರು ಬಂದು ಮೂರು ವರ್ಷವಾಗಿತ್ತು. ಒಂದು ಭಾನುವಾರ ನನಗೆ ನೆಗಡಿ. ಬೀಗದವರು ಸಭೆಗೆ ಹೋದರು, ನಾನು ಹೋಗಲಿಲ್ಲ. ಅವರ ಕೋಣೆ ಗುಡಿಸುವ ನೆಪದಲ್ಲಿ ಪೆಟ್ಟಿಗೆ ತೆರೆದೆ. ತಪ್ಪೇ, ಆದರೂ ತೆರೆದೆ. ಅರಗಳ ಕೆಳಗೆ, ಚಿಂದಿಯಲ್ಲಿ ಸುತ್ತಿದ್ದ ಅರ್ಧ ಬಟ್ಟೆಸೋಪು. ಅದರ ಮೈಮೇಲೆ ಬೀಗದಕೈಯ ಅಚ್ಚು. ನನ್ನ ಕೊರಳಿನದನ್ನು ತೆಗೆದು ಅದರ ಮೇಲಿಟ್ಟೆ. ತೊಟ್ಟಿಲಲ್ಲಿ ಮಗು ಮಲಗಿದ ಹಾಗೆ ಕೂತಿತು.

ಅವರು ಬಂದು ಚಪ್ಪಲಿ ಬಿಡುವುದಕ್ಕೂ ಬಿಡಲಿಲ್ಲ. "ಇದು ಯಾವ ಬೀಗದ್ದು?"

ಸೋಪು ನೋಡಿದರು. "ನಿಮ್ಮ ಬೀರುದು."

"ಇಲ್ಲಿಗೆ ಹೇಗೆ ಬಂತು?"

"ತಂದುಕೊಟ್ಟರು. ಮಾಡಲ್ಲ ಅಂದೆ."

"ಯಾರು?"

"ಕೇಳಿ ಹೇಳ್ತೀನಿ," ಎಂದರು.

ಅವರು ಗೋಡೆಗೊರಗಿ ಕಣ್ಣು ಮುಚ್ಚಿದರು. ಕಡೆಗೆ, "ಹೇಳಬೇಡ ಅಂದ, ಅಮ್ಮ. ಅವರೇ ಹೇಳಲಿ ಅಂದ," ಎಂದರು.

"ನಿನ್ನ ಕಳ್ಳತನಕ್ಕೆ ದೇವರನ್ನ ಪಾಲುದಾರ ಮಾಡ್ಕೊಂಡಿದೀಯಾ? ನಾಳೆ ಬೆಳಿಗ್ಗೆ ಕೋಣೆ ಖಾಲಿ ಮಾಡು!" ಅವರಿಗೆ ನಾನು 'ನೀನು' ಅಂದದ್ದು ಅದೇ ಮೊದಲು.

"ಆಗಲಿ ಅಮ್ಮ," ಎಂದರು. ಅದನ್ನು ಮಾತ್ರ ಯಾರನ್ನೂ ಕೇಳಲಿಲ್ಲ.

ತಪ್ಪಿಲ್ಲದವನು ಇಷ್ಟು ಸುಲಭವಾಗಿ ಹೊರಡುತ್ತಾನೆಯೇ? ಒಂದು ಹೆಸರು ಹೇಳಿದ್ದರೆ ಕೋಣೆ ಉಳಿಯುತ್ತಿತ್ತು, ತಿರುವಿನಲ್ಲಿ ಮೂರು ವರ್ಷ ಕೂಡಿಸಿಕೊಂಡ ಗಿರಾಕಿಗಳೂ ಉಳಿಯುತ್ತಿದ್ದರು. ಕಳ್ಳ ಎಂಬ ಹೆಸರು ಹೊತ್ತ ಬೀಗದವನಿಗೆ ಈ ಬೀದಿಯಲ್ಲಿ ಇನ್ನು ಯಾರು ಬೀಗ ಕೊಟ್ಟಾರು? ಬೆಳಿಗ್ಗೆ ಅವರು ಹಾಸಿಗೆ ಸುತ್ತಿ, ಪೆಟ್ಟಿಗೆಯನ್ನು ಕೈಗಾಡಿಗೆ ಏರಿಸುವಾಗ ನಾನು ಒಂದೊಂದನ್ನೂ ಬಿಚ್ಚಿಸಿ ನೋಡಿಯೇ ಬಿಟ್ಟೆ. ಅವರು ಬೇಸರಿಸದೆ ಬಿಚ್ಚಿ ತೋರಿಸಿದರು.

ಗದ್ದಲಕ್ಕೆ ನಾದಿನಿ ಹೊರಬಂದಳು. ಗಾಡಿ ನೋಡಿದಳು, ನನ್ನ ಕೈಯಲ್ಲಿದ್ದ ಸೋಪು ನೋಡಿದಳು.

"ಹೇಳಿಬಿಟ್ನಾ?" ಎಂದಳು.

"ಏನನ್ನೇ?" ಎಂದೆ.

ಬೀಗದವರು ಗಾಡಿಯ ಹಗ್ಗ ಬಿಗಿಯುತ್ತಲೇ ಇದ್ದರು, ತಲೆ ಎತ್ತಲಿಲ್ಲ. ನಾದಿನಿ ಮೆಟ್ಟಿಲ ಮೇಲೆ ಕೂತಳು.

"ಕದಿಯೋಕಲ್ಲ ಅತ್ತಿಗೆ. ಅಣ್ಣ ನನ್ನ ಹೆಸರು ಬರೆದಿದ್ದಾನೋ ಇಲ್ವೋ ಅಂತ ಒಂದ್ಸಲ ನೋಡೋಕೆ. ಹನ್ನೊಂದು ವರ್ಷದಲ್ಲಿ ನೀನು ಒಂದಿನಾನೂ ತೋರಿಸ್ಲಿಲ್ಲ. ಈ ಪುಣ್ಯಾತ್ಮ ಮಾಡಿಕೊಡಲ್ಲ ಅಂದ. ಸೋಪೂ ವಾಪಸ್ ಕೊಡ್ಲಿಲ್ಲ, ಇನ್ನೊಬ್ಬನ ಹತ್ರ ಹೋಗ್ತೀರಿ ಅಂತ. ನೀವೇ ಹೋಗಿ ಅತ್ತಿಗೆಗೆ ಹೇಳಿ, ನಾನು ಬಾಯಿ ಬಿಡಲ್ಲ ಅಂದ. ನಾಳೆ ಹೇಳೋಣ, ನಾಳೆ ಹೇಳೋಣ ಅಂತ..."

ನಾನು ಗಾಡಿಯ ಹತ್ತಿರ ಹೋಗಿ, "ಬೀಗದವ್ರೆ, ಇಳಿಸಿ ಪೆಟ್ಟಿಗೆ. ಇಲ್ಲೇ ಇರಿ," ಎಂದೆ.

"ಕೇಳಿ ಹೇಳ್ತೀನಿ," ಎಂದರು. ಅಳುತ್ತಿದ್ದ ನಾದಿನಿಗೂ ನಗು ಬಂತು. ಅವರು ಗಾಡಿಯ ಹಿಡಿ ಹಿಡಿದುಕೊಂಡೇ ಕಣ್ಣು ಮುಚ್ಚಿದರು. ಈ ಸಲ ಬಹಳ ಹೊತ್ತಾಯಿತು.

"ಇಲ್ಲ ಅಮ್ಮ. ಹೊರಟಾಗಿದೆ, ಹೋಗು ಅಂತಾನೆ."

ಅದು ದೇವರು ಅಂದದ್ದೋ, ನೊಂದ ಮನಸ್ಸು ಅಂದದ್ದೋ, ನನಗೆ ಇಂದಿಗೂ ತಿಳಿಯದು. ದೇವರ ಹೆಸರಲ್ಲಿ ತಮ್ಮ ಹಟ ಸಾಧಿಸುವವರನ್ನು ಸಭೆಯಲ್ಲೇ ಬೇಕಾದಷ್ಟು ಕಂಡಿದ್ದೇನೆ. ಆದರೆ ಹಟದವರು ಹೋಗುವಾಗ ಒಂದು ಕುಟುಕನ್ನಾದರೂ ಕುಟುಕಿ ಹೋಗುತ್ತಾರೆ. ಇವರು ಕೋಣೆಯ ಬೀಗದಕೈಯನ್ನು ನನ್ನ ಅಂಗೈಗಿಟ್ಟು, ಎರಡು ಹೆಜ್ಜೆ ಹೋಗಿ, ಮತ್ತೆ ನಿಂತರು.

"ಇನ್ನೇನಪ್ಪಾ?" ಎಂದೆ.

ಅವರು ಮೆಟ್ಟಿಲ ಮೇಲಿದ್ದ ನಾದಿನಿಯ ಕಡೆ ನೋಡಿದರು, ಆಮೇಲೆ ನನ್ನ ಕೊರಳ ದಾರದ ಕಡೆ.

"ಆ ಪತ್ರಾನ ಇವತ್ತು ಇವರ ಕೈಲೇ ಓದಿಸ್ತೀರಾ, ಅಮ್ಮ?"