ಹೊಗೆ ನೋಡುವ ಕಾಕು

ಅವರ ಬಲಗೈಯ ತೋರುಬೆರಳು ಮೊದಲ ಗೆಣ್ಣಿನವರೆಗೆ ಕಪ್ಪಾಗಿತ್ತು. ಉಳಿದ ಒಂಬತ್ತೂ ಬೆರಳು ಸ್ವಚ್ಛ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿಯ ಅರ್ಧತೋಳಿನ ಅಂಗಿ. ಗಾಡಿ ಬಂದು ನಿಂತರೆ, ಯಂತ್ರದ ನಳಿಗೆಯನ್ನು ತೂರಿಸುವ ಮೊದಲು ಸೈಲೆನ್ಸರಿನ ಬಾಯೊಳಗೆ ಆ ಬೆರಳನ್ನು ಒಂದು ಸುತ್ತು ಆಡಿಸಿ ಬೆಳಕಿಗೆ ಹಿಡಿದು ಮಸಿಯ ಬಣ್ಣ ನೋಡುತ್ತಿದ್ದರು. ಬೂದುಬಣ್ಣವಿದ್ದರೆ ತಲೆಯಾಡಿಸುತ್ತಿದ್ದರು. ಎಣ್ಣೆಗಪ್ಪಾಗಿದ್ದರೆ ಗಾಡಿಯವನ ಮುಖವನ್ನೊಮ್ಮೆ ನೋಡುತ್ತಿದ್ದರು, ಅಷ್ಟೆ. ಚಹಾ ಕುಡಿಯುವಾಗ ಅದೊಂದು ಬೆರಳನ್ನು ಮಣ್ಣಿನ ಕುಡಿಕೆಯಿಂದ ದೂರ ಚಾಚಿ ಹಿಡಿಯುತ್ತಿದ್ದರು.

ಕೋಲ್ಕತ್ತಾದ ಡಮ್ ಡಮ್‌ನಲ್ಲಿ ನಮ್ಮ ಮನೆಗೆ ಹತ್ತಿರದ ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಅವರದೊಂದು ತಗಡಿನ ಕ್ಯಾಬಿನ್. ಒಳಗೆ ಹೊಗೆ ಅಳೆಯುವ ಯಂತ್ರ, ಕಂಪ್ಯೂಟರ್, ಟೇಬಲ್ ಫ್ಯಾನ್, ಎರಡು ಪ್ಲಾಸ್ಟಿಕ್ ಕುರ್ಚಿ. ಗಾಡಿಗಳಿಗೆ ಹೊಗೆ ಸರ್ಟಿಫಿಕೇಟ್ ಕೊಡುವುದು ಅವರ ಕೆಲಸ. ಟ್ಯಾಕ್ಸಿಯವರು, ಬೈಕಿನ ಹುಡುಗರು, ಬಂಕಿನವರು ಎಲ್ಲರೂ 'ಪೊಲ್ಯೂಷನ್ ಕಾಕು' ಎನ್ನುತ್ತಿದ್ದರು. ಬಂಗಾಳಿಯಲ್ಲಿ ಕಾಕು ಎಂದರೆ ಚಿಕ್ಕಪ್ಪ. ನಾನೂ ಹಾಗೇ ಕರೆದೆ. ಅವರು ನನ್ನನ್ನು, ಇಲ್ಲಿಯ ಹಿರಿಯರು ಹೆಣ್ಣುಮಕ್ಕಳನ್ನು ಕರೆಯುವ ಹಾಗೆ, 'ಮಾ' ಎನ್ನುತ್ತಿದ್ದರು.

ನಮ್ಮದು ಧಾರವಾಡ. ಅಪ್ಪನಿಗೆ ಬಿಬಿಡಿ ಬಾಗಿನ ಕೇಂದ್ರ ಸರ್ಕಾರದ ಕಚೇರಿಗೆ ವರ್ಗವಾದಾಗ ನಾನು ಎಂಟನೆಯ ತರಗತಿಯಲ್ಲಿದ್ದೆ. ಆಮೇಲೆ ನಾವು ಇಲ್ಲಿಯವರೇ ಆದೆವು. ಓದು ಮುಗಿದು ಊರಿನ ಇನ್ನೊಂದು ತುದಿಯ ಜೋಕಾದಲ್ಲಿ ಕೆಲಸ ಸಿಕ್ಕ ಮೇಲೆ ನಾನೊಂದು ಹಳೆಯ ಜಪಾನಿ ಸೆಡಾನ್ ಕೊಂಡೆ. ಹೊರಗಿನಿಂದ ನೋಡಿದರೆ ಯಾರೋ ನಿವೃತ್ತ ಅಧಿಕಾರಿಯ ಸಾಧು ಗಾಡಿ. ಆದರೆ ಅದರ ಎಂಜಿನ್ ಬಲ್ಲವರಿಗಷ್ಟೇ ಗೊತ್ತಿದ್ದ ಗುಟ್ಟು. ಒಂದು ಮಟ್ಟದ ವೇಗದವರೆಗೆ ಮೆತ್ತಗೆ ಓಡಿ, ಅದನ್ನು ದಾಟಿದೊಡನೆ ಒಳಗಿನ ಕವಾಟಗಳು ಹೆಚ್ಚು ತೆರೆದುಕೊಂಡು ದನಿಯೇ ಬದಲಾಗುತ್ತಿತ್ತು. ಆ ದನಿಗೆ ಮನಸೋತು ನಾನು ಅದನ್ನು ಕೊಂಡದ್ದು. ಹಾಗೇ ಇಟ್ಟುಕೊಂಡಿದ್ದರೆ ಸಾಕಿತ್ತು. ನನ್ನಂಥವರಿಗೆ ಸಾಕಾಗುವುದಿಲ್ಲ. ಸ್ಪ್ರಿಂಗ್ ಬದಲಿಸಿ ಗಾಡಿಯನ್ನು ತಗ್ಗಿಸಿದೆ. ಮುಂದಿನ ಎರಡು ಸೀಟು ಕಿತ್ತು, ಮೈಯನ್ನು ಬಿಗಿಯಾಗಿ ಹಿಡಿಯುವ ರೇಸಿಂಗ್ ಸೀಟು ಹಾಕಿಸಿದೆ. ಒಬ್ಬ ವೆಲ್ಡರ್ ಕೈಲಿ ಎಂಜಿನ್ನಿಂದ ಹೊಗೆ ಹೊರಬರುವ ಕೊಳವೆಗಳನ್ನು ಹೊಸದಾಗಿ ಮಾಡಿಸಿ, ಹೊಗೆ ಶೋಧಿಸುವ ಡಬ್ಬಿಯನ್ನು ತೆಗೆಸಿದೆ. ಗಾಡಿ ಗಲ್ಲಿಯೊಳಗೆ ತಿರುಗಿದರೆ ಅಪ್ಪ ಪೇಪರಿನಿಂದ ತಲೆಯೆತ್ತದೆ, ಹಡಗು ಬಂತು ಎನ್ನುತ್ತಿದ್ದರು.

ಅವ್ವನಿಗೆ ಮೊಣಕಾಲು ನೋವು. ಆ ಬಿಗಿ ಸೀಟಿನಲ್ಲಿ ಕೂರಲು ಆಗದೆ ಹಿಂದೆ ಕೂರತೊಡಗಿದಳು.

ಮೊದಲ ಸಲ ಕಾಕುವಿನ ಬಳಿ ಹೋದಾಗ ಅವರು ಬೆರಳು ಆಡಿಸಿದರು, ನಳಿಗೆ ತೂರಿಸಿದರು, ಕಂಪ್ಯೂಟರಿನ ಅಂಕಿ ನೋಡಿ, "ಹೊಬೆ ನಾ, ಮಾ," ಎಂದರು. ಆಗುವುದಿಲ್ಲ ಎಂದು. ನಾನು ಒಂದಷ್ಟು ವಾದ ಮಾಡಿದೆ. ರಸ್ತೆಯಲ್ಲಿ ಹೋಗುವ ಬಸ್ಸುಗಳ ಹೊಗೆ ನೋಡಿ, ಅದರ ಮುಂದೆ ನನ್ನದೇನು ಮಹಾ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಅವರಿಗೆ ಎದುರಿನವರ ಮಾತನ್ನು ಕಡಿಯುವ ಅಭ್ಯಾಸವೇ ಇರಲಿಲ್ಲ. ಕೊನೆಗೆ, ಗಾಡಿ ಒಳ್ಳೆಯದಿದೆ, ತೆಗೆದದ್ದನ್ನು ವಾಪಸ್ ಹಾಕು, ಅದು ತಾನಾಗಿ ಪಾಸಾಗುತ್ತದೆ ಎಂದರು. ನಾನು ಹಾಕಲಿಲ್ಲ. ಬೇರೆ ಕಡೆ ಹೋದೆ. ಅಲ್ಲಿ ನಳಿಗೆಯನ್ನೇ ತೂರಿಸದೆ, ಗಾಡಿಯ ಹಿಂಭಾಗದ ಫೋಟೋ ತೆಗೆದು ಎರಡು ನಿಮಿಷದಲ್ಲಿ ಸರ್ಟಿಫಿಕೇಟ್ ಕೈಗಿತ್ತರು.

ಪೆಟ್ರೋಲಿಗೆ ಮಾತ್ರ ಕಾಕು ಇದ್ದ ಬಂಕಿಗೇ ಹೋಗಬೇಕಿತ್ತು. ಮುಖ ತಪ್ಪಿಸಿಕೊಂಡು ನಿಲ್ಲುತ್ತಿದ್ದೆ. ಅವರು ತಾವಾಗಿಯೇ ಬಂದು, ಗಾಡಿ ಹೇಗಿದೆ ಎಂದು ಕೇಳುತ್ತಿದ್ದರು. ಸರ್ಟಿಫಿಕೇಟಿನ ಸುದ್ದಿ ಎತ್ತುತ್ತಿರಲಿಲ್ಲ. ಒಮ್ಮೆ ಬಾನೆಟ್ ತೆರೆಸಿ ಬಹಳ ಹೊತ್ತು ನೋಡಿ, ಎಂಜಿನ್ ಆಯಿಲ್ ಎಷ್ಟು ದಿನಕ್ಕೆ ಬದಲಿಸುತ್ತೀ ಎಂದು ವಿಚಾರಿಸಿದರು. ನನ್ನ ಉತ್ತರ ಹಿಡಿಸಿತೆಂದು ತೋರುತ್ತದೆ. ಎಂಜಿನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತೀ ಎಂದರು. ಎಂಜಿನ್ನನ್ನು ಮಾತ್ರ ಎಂದು ಅವರು ಹೇಳಲಿಲ್ಲ, ನನಗೆ ಹಾಗೆ ಕೇಳಿಸಿತು.

ಆ ಬೇಸಿಗೆಯಲ್ಲಿ ನಾನೇ ಒಂದು ಭಾನುವಾರ ಕುಳಿತು, ಪೆಟ್ರೋಲು-ಗಾಳಿಯ ಪ್ರಮಾಣ ತೋರಿಸುವ ಮೀಟರನ್ನು ಗಾಡಿಗೆ ಜೋಡಿಸಿದೆ. ಅದರ ತಂತಿ ಗಾಡಿಯ ಅಡಿಯಿಂದ ಒಳಗೆ ಬರಬೇಕು. ಹಿಂದಿನ ಸೀಟಿನ ಕಾಲಬುಡದಲ್ಲಿ ನೆಲದ ತಗಡಿಗೊಂದು ರಬ್ಬರ್ ಬಿರಡೆ ಇತ್ತು. ಅದನ್ನು ಕಿತ್ತು ತಂತಿ ತೂರಿಸಿ, ಮೇಲೆ ಮ್ಯಾಟ್ ಹಾಸಿದೆ. ಮೀಟರ್ ಹೊಳೆಯಿತು. ನನಗೆ ಅಷ್ಟೇ ಬೇಕಿತ್ತು.

ಆಮೇಲೆ ಜೋಕಾದಿಂದ ಮನೆ ಸೇರುವಷ್ಟರಲ್ಲಿ ನನಗೆ ತಲೆನೋವು ಬರತೊಡಗಿತು. ಕೋಲ್ಕತ್ತಾದ ಸೆಖೆ, ಟ್ರಾಫಿಕ್ ಎಂದುಕೊಂಡೆ. ಒಂದು ದಿನ ಅವ್ವನನ್ನು ದಕ್ಷಿಣದ ಕಡೆಯ ಆಸ್ಪತ್ರೆಗೆ ಮೊಣಕಾಲು ತೋರಿಸಲು ಕರೆದೊಯ್ದಿದ್ದೆ. ವಾಪಸ್ ಬರುವಾಗ ಒಂದೂಮುಕ್ಕಾಲು ಗಂಟೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಕಿಟಕಿ ಮುಚ್ಚಿ ಎಸಿ ಹಾಕಿದ್ದೆ. ಅವ್ವ ಹಿಂದೆ ನಿದ್ದೆ ಮಾಡುತ್ತಿದ್ದಳು. ದಣಿದಿದ್ದಾಳೆ, ಮಲಗಲಿ ಎಂದು ಹಾಡನ್ನೂ ಸಣ್ಣ ಮಾಡಿದೆ.

ಬಂಕಿನಲ್ಲಿ ಪೆಟ್ರೋಲಿಗೆ ನಿಂತಾಗ ಕಾಕು ಎಂದಿನಂತೆ ನನ್ನ ಕಿಟಕಿಯ ಬಳಿ ಬಂದರು. ಗಾಜು ಇಳಿಸಿದೆ. ಅವರು ಏನೋ ಕೇಳಲು ಬಗ್ಗಿದವರು ನಿಂತುಬಿಟ್ಟರು. ನನ್ನ ಭುಜದ ಮೇಲಿಂದ ಅವ್ವನ ಮುಖ ನೋಡಿದರು.

"ಮಾ, ಅಮ್ಮನನ್ನ ಎಬ್ಬಿಸು."

ಮಲಗಿದ್ದಾಳೆ ಎಂದೆ.

"ಈಗಲೇ ಎಬ್ಬಿಸು. ಇದು ನಿದ್ದೆ ಅಲ್ಲ."

ದನಿ ಏರಿಸಲಿಲ್ಲ. ನಾನು ಸೀಟ್ ಬೆಲ್ಟ್ ಬಿಚ್ಚುವಷ್ಟರಲ್ಲಿ ಅವರು ನಾಲ್ಕೂ ಬಾಗಿಲು ತೆರೆದಾಗಿತ್ತು. ನಾವಿಬ್ಬರೂ ಸೇರಿ ಅವ್ವನನ್ನು ಹೊರಗೆಳೆದು, ನಡೆಸುತ್ತ, ಅರ್ಧ ಹೊರುತ್ತ, ಕ್ಯಾಬಿನ್ನಿನ ಹೊರಗಿನ ಗಾಳಿಗೆ ಕುರ್ಚಿ ಹಾಕಿ ಕೂರಿಸಿದೆವು. ಅವ್ವ ಕಣ್ಣು ಬಿಟ್ಟು, "ಮನಿ ಬಂತೇನವಾ?" ಎಂದಳು. ನಾನು ಇನ್ನೂ ಇಲ್ಲವ್ವಾ ಎಂದೆ. "ತಲಿ ಭಾಳ ಭಾರ ಆಗೇದ," ಎಂದು ವಾಂತಿ ಮಾಡಿಕೊಂಡಳು. ಮುಖ ಕೆಂಪಗಿತ್ತು; ಕಾಕು ಗುರುತಿಸಿದ್ದು ಆ ಕೆಂಪನ್ನೇ. ಕಾಕು ತಮ್ಮ ಬಾಟಲಿಯ ನೀರಿನಿಂದ ಅವಳ ಬಾಯಿ ತೊಳೆದರು.

ಅಷ್ಟರಲ್ಲಿ ಸರದಿಯಲ್ಲಿ ಐದಾರು ಗಾಡಿ ನಿಂತಿದ್ದವು. ಅವರು ಕ್ಯಾಬಿನ್ನಿಗೆ ಬೀಗ ಹಾಕಿ ಟ್ಯಾಕ್ಸಿ ಕರೆದರು. ನನ್ನ ಗಾಡಿಯನ್ನು ಮುಟ್ಟಲು ಬಿಡಲಿಲ್ಲ. ಟ್ಯಾಕ್ಸಿಯ ಎಲ್ಲ ಕಿಟಕಿ ಇಳಿಸಿ, ಮುಂದಿನ ಸೀಟಿನಲ್ಲಿ ತಾವೂ ಕೂತು ನರ್ಸಿಂಗ್ ಹೋಮಿಗೆ ಬಂದರು. ನಮಗಿಂತ ಮೊದಲು ಡಾಕ್ಟರ ಹತ್ತಿರ ಹೋಗಿ, ಗಾಡಿಯ ಹೊಗೆ, ಮೊದಲು ಆಕ್ಸಿಜನ್ ಹಾಕಿ ಎಂದರು. ಸಂಜೆಗೆ ಅವ್ವ ಎದ್ದು ಕೂತು ಮೊಸರನ್ನ ಕೇಳಿದಳು. ಇನ್ನರ್ಧ ಗಂಟೆ ಅದೇ ಗಾಳಿಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರು ಹೇಳತೊಡಗಿದಾಗ, ಸುದ್ದಿ ತಿಳಿದು ಬಂದಿದ್ದ ಅಪ್ಪ ಎದ್ದು ಹೊರಗೆ ಹೋದರು.

ಮರುದಿನ ಕಾಕು ನನ್ನನ್ನು ಕರೆದು ತೋರಿಸಿದರು. ಎಂಜಿನ್ ಚಾಲೂ ಮಾಡಿ, ಕಿಟಕಿಗಳನ್ನು ಮುಚ್ಚಿ, ಯಾವಾಗಲೂ ಸೈಲೆನ್ಸರಿಗೆ ತೂರಿಸುವ ನಳಿಗೆಯನ್ನು ಹಿಂದಿನ ಸೀಟಿನ ಮೇಲೆ ಇಟ್ಟರು. ಕಂಪ್ಯೂಟರಿನಲ್ಲಿ ಸೊನ್ನೆಯಾಗಿರಬೇಕಿದ್ದ ಅಂಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೆಲ್ಲಗೆ ಏರತೊಡಗಿತು. ಕಾರ್ಬನ್ ಮೊನಾಕ್ಸೈಡ್, ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ. ಅವ್ವ ತಲೆಯಿಟ್ಟು ಮಲಗುತ್ತಿದ್ದ ಜಾಗವದು. ಎಂಜಿನ್ ಆರಿಸಿ ಬಿಳಿ ಅಂಗಿಯಲ್ಲೇ ನೆಲದ ಮೇಲೆ ಅಂಗಾತ ಮಲಗಿ ಗಾಡಿಯಡಿಗೆ ಸರಿದರು. ಕೊಳವೆಯ ವೆಲ್ಡಿಂಗಿನಲ್ಲಿ ಒಂದು ಸೀಳು. ಅದರಿಂದ ಒಂದು ಗೇಣು ಹಿಂದೆ, ನಾನು ಬಿರಡೆ ಕಿತ್ತ ತೂತು. ವೆಲ್ಡರನ ಮೇಲೆ ಸಿಟ್ಟಾಗಬಹುದಿತ್ತು. ಆದರೆ ಸೀಳು ಹೊರಗಿತ್ತು, ತೂತು ಒಳಗೆ. ತೂತು ಮಾಡಿದವಳು ನಾನು.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ದಿನ ಅನಿಸಿದೆ. ನಾನು ಅಳುತ್ತ, ಈ ಗಾಡಿಯನ್ನು ನಾಳೆಯೇ ಮಾರಿಬಿಡುತ್ತೇನೆ ಎಂದೆ. ಅವರು ಎದ್ದು ಕೂತು ಬೆನ್ನಿನ ಧೂಳು ಕೊಡವಿಕೊಂಡರು.

"ಮಾರಿದರೆ ತೂತು ಇನ್ನೊಬ್ಬರ ಮನೆಗೆ ಹೋಗುತ್ತೆ, ಮಾ. ಮೊದಲು ಮುಚ್ಚು. ಆಮೇಲೆ ಮಾರೋದೋ ಇಟ್ಟುಕೊಳ್ಳೋದೋ ನೋಡೋಣ."

ಮುಚ್ಚಲು ನಾಲ್ಕು ಭಾನುವಾರ ಹಿಡಿಯಿತು. ಕಂಪನಿಯಿಂದ ಬಂದಿದ್ದ ಹಳೆಯ ಕೊಳವೆಗಳನ್ನು ಅಟ್ಟದಿಂದ ಇಳಿಸಿದೆ. ಶೋಧಿಸುವ ಡಬ್ಬಿ ಹೊಸದೇ ತರಿಸಿದೆ. ಮೀಟರಿನ ತಂತಿ ಕಿತ್ತು ನೆಲದ ತೂತಿಗೆ ಬಿರಡೆ ಹಾಕಿದೆ. ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಒಂದೊಂದಕ್ಕೂ ಎಣ್ಣೆ ಹಾಕಿ ಒಂದು ವಾರ ಕಾದು ಬಿಚ್ಚಬೇಕಾಯಿತು. ಕಾಕು ತಮ್ಮ ರಜೆಯ ದಿನ ನಮ್ಮ ಮನೆಗೆ ಬಂದು ಕುರ್ಚಿ ಹಾಕಿ ಕೂರುತ್ತಿದ್ದರು. ತಾವು ಸ್ಪ್ಯಾನರ್ ಹಿಡಿಯುತ್ತಿರಲಿಲ್ಲ. ತಾನು ಮೆಕ್ಯಾನಿಕ್ ಅಲ್ಲ, ಹೊಗೆ ನೋಡುವವನು ಎನ್ನುತ್ತಿದ್ದರು. ಅವ್ವ ಅವರಿಗೆ ಅವಲಕ್ಕಿ ಕೊಡುತ್ತಿದ್ದಳು. ಅವರಿಗೆ ಕನ್ನಡ ಬಾರದು, ಅವಳಿಗೆ ಬಂಗಾಳಿ ಬಾರದು. ಖಾರ ಹೆಚ್ಚಾಯಿತೇ ಎಂದು ಕೈಸನ್ನೆಯಲ್ಲಿ ಕೇಳುವಳು. ಕಣ್ಣಲ್ಲಿ ನೀರಿದ್ದರೂ ಅವರು ಇಲ್ಲವೆಂದು ತಲೆಯಾಡಿಸುವರು.

ಕೊನೆಯ ಭಾನುವಾರ ಅವರು ನಮ್ಮ ಮನೆಯ ವ್ಯಾಕ್ಯೂಮ್ ಕ್ಲೀನರನ್ನೇ ತರಿಸಿದರು. ಅದು ಗಾಳಿ ಊದುವ ಕಡೆಯ ಕೊಳವೆಯನ್ನು ಸೈಲೆನ್ಸರಿನ ಬಾಯಿಗೆ ಬಟ್ಟೆ ಸುತ್ತಿ ಬಿಗಿಸಿ, ಪ್ರತಿಯೊಂದು ಸಂದಿಗೂ ಸೋಪಿನ ನೀರು ಬಳಿಯಲು ಹೇಳಿದರು. ಸೋರಿದರೆ ಗುಳ್ಳೆ ಏಳುತ್ತದೆ. ನಾನು ಟಾರ್ಚ್ ಹಿಡಿದು ಗಾಡಿಯಡಿಯಲ್ಲಿ ಮಲಗಿ ಕಾದೆ. ಒಂದೂ ಗುಳ್ಳೆ ಏಳಲಿಲ್ಲ. ಆಮೇಲೆ ಗಾಡಿಯನ್ನು ಬಂಕಿಗೆ ತರಿಸಿ, ಕ್ಯಾಬಿನ್ ತೆರೆದು, ಹಿಂದಿನ ಸೀಟಿಗೆ ನಳಿಗೆ ಇಟ್ಟು ನೋಡಿದರು, ಸೈಲೆನ್ಸರಿಗೂ ಇಟ್ಟು ನೋಡಿದರು. ಸರ್ಟಿಫಿಕೇಟಿನ ಕಾಗದ ಪ್ರಿಂಟರಿನಿಂದ ಹೊರಬಂದಾಗ ಎರಡೂ ಕೈಯಲ್ಲಿ ತೆಗೆದುಕೊಟ್ಟರು.

ಗಾಡಿ ಮಾರಲಿಲ್ಲ. ಮುಂದಿನ ಹಳೆಯ ಸೀಟುಗಳು ವಾಪಸ್ ಬಂದವು. ಅವ್ವ ಮುಂದೆ ಕೂರತೊಡಗಿದಳು. ಅದಕ್ಕೂ ಮೊದಲು, ಆ ಸೀಟಿನಲ್ಲಿ ಮೊದಲು ಕೂತವರು ಕಾಕು. ಇಪ್ಪತ್ತೆಂಟು ವರ್ಷ ಗಾಡಿಗಳ ಹಿಂದೆಯೇ ನಿಂತವರು, ತಾವು ಪಾಸ್ ಮಾಡಿದ ಗಾಡಿಯಲ್ಲಿ ಒಮ್ಮೆಯೂ ಕೂತಿರಲಿಲ್ಲವಂತೆ. ಒಂದು ಬೆಳಗ್ಗೆ ಏರ್‌ಪೋರ್ಟಿನಾಚೆಯ ಖಾಲಿ ರಸ್ತೆಗೆ ಕರೆದೊಯ್ದೆ. ಎರಡನೆಯ ಗೇರಿನಲ್ಲೇ ವೇಗ ಏರಿಸಿದೆ. ಹಳೆಯ ಕೊಳವೆಗಳಲ್ಲಿ ದನಿ ಸಣ್ಣದಾಗಿತ್ತು. ಆದರೂ ಆ ಮಟ್ಟ ದಾಟಿದೊಡನೆ ಬದಲಾಯಿತು. ಅವರು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು ಕೇಳಿಸಿಕೊಂಡರು.

"ಇದಕ್ಕೇನಾ ನೀನು ಅಷ್ಟೆಲ್ಲ ಮಾಡಿದ್ದು?"

ಹೌದು ಎಂದೆ.

"ಇದು ಮೊದಲೇ ಇತ್ತಲ್ಲ," ಎಂದರು. ಸ್ವಲ್ಪ ದೂರ ಹೋದ ಮೇಲೆ, ಇನ್ನೊಂದು ಸಲ ಮಾಡು ಎಂದರು.

ಹೋದ ಚಳಿಗಾಲ ಸರ್ಟಿಫಿಕೇಟಿಗೆ ಹೋದಾಗ ಕ್ಯಾಬಿನ್ನಿನಲ್ಲಿ ಬೇರೊಬ್ಬರು ಕೂತಿದ್ದರು. ಕಾಕು ತೀರಿಕೊಂಡು ಹನ್ನೊಂದು ದಿನವಾಗಿತ್ತು. ಎದೆನೋವು, ಮನೆಯಲ್ಲೇ. ಅವರ ಮನೆ ಬೆಲ್ಘರಿಯಾದಲ್ಲಿ ಎಂದು ಗೊತ್ತಿತ್ತೇ ಹೊರತು ಒಮ್ಮೆಯೂ ಹೋಗಿರಲಿಲ್ಲ. ಬಂಕಿನವರಿಂದ ವಿಳಾಸ ಕೇಳಿಕೊಂಡೆ. ತಾನೂ ಬರುತ್ತೇನೆ ಎಂದಳು ಅವ್ವ.

ಎರಡು ಕೋಣೆಯ ಮನೆ. ಅವರ ಹೆಂಡತಿ ನಮ್ಮನ್ನು ಮಂಚದ ಮೇಲೆ ಕೂರಿಸಿದರು. ನಾವು ಯಾರೆಂದು ಅವರಿಗೆ ತಿಳಿದಿರಲಿಲ್ಲ. ಅವ್ವ ಅವರ ಕೈ ಹಿಡಿದುಕೊಂಡು ತನ್ನ ಭಾಷೆಯಲ್ಲೇ ಹೇಳಿದಳು: "ನಿಮ್ಮ ಮನಿಯವರು ಇರಲಿಲ್ಲ ಅಂದ್ರ ನಾ ಇವತ್ತ ಇರತಿರಲಿಲ್ಲ." ಅವರು ನನ್ನ ಮುಖ ನೋಡಿದರು. ನಾನು ಬಂಗಾಳಿಯಲ್ಲಿ ಎಲ್ಲವನ್ನೂ ಹೇಳಿದೆ, ತೂತು ಮಾಡಿದವಳು ನಾನು ಎಂಬುದನ್ನೂ ಸೇರಿಸಿ. ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಆ ದಿನ ಕ್ಯಾಬಿನ್ ಮುಚ್ಚಿದ್ದಕ್ಕೆ ಕಾಕು ಮನೆಯಲ್ಲಿ ಬೇರೇನೋ ಕಾರಣ ಹೇಳಿದ್ದರಂತೆ. ಮರುದಿನ ಅಂಗಿಯ ಬೆನ್ನೆಲ್ಲ ಮಸಿಯಾಗಿದ್ದು ಮಾತ್ರ ಆಕೆಗೆ ನೆನಪಿತ್ತು. ಎರಡು ಸಲ ಒಗೆದರೂ ಹೋಗಿರಲಿಲ್ಲ ಎಂದರು.

ಸಂಜೆ ಅವರ ಮಗ ಕೆಲಸದಿಂದ ಬಂದ. ಅವನಿಗೆ ಬೂಟು ಬಿಚ್ಚಲೂ ಬಿಡದೆ ಪಕ್ಕದಲ್ಲಿ ಕೂರಿಸಿಕೊಂಡು, ಆಕೆ ನನ್ನ ಕಡೆ ತಿರುಗಿದರು.

"ಮಾ, ಮೊದಲಿನಿಂದ ಹೇಳು. ಇವನೂ ಕೇಳಲಿ."

ನಾನು ಮೊದಲಿನಿಂದ ಹೇಳಿದೆ.