ಟ್ರ್ಯಾಕ್ಟರಿನ ಹಣೆ

ಉಪಯೋಗಕ್ಕೆ ಬರುವ ವಸ್ತು ಯಾವುದೇ ಇರಲಿ, ಅದಕ್ಕೊಂದು ಹಣೆ ಹುಡುಕದೆ ನನಗೆ ಸಮಾಧಾನವಿಲ್ಲ. ಇದು ನಮ್ಮ ಮನೆತನದ ರೋಗ. ನಮ್ಮಜ್ಜ ಮಸಿಕುಡಿಕೆಗೆ ಕುಂಕುಮ ಇಡುತ್ತಿದ್ದರು, ನಮ್ಮಪ್ಪ ಗೋಡೆ ಗಡಿಯಾರಕ್ಕೆ, ನಾನು ಕಚೇರಿಯ ಟೈಪ್‌ರೈಟರಿಗೆ. ಸೈಕಲ್ಲಿನ ಹಣೆ ಹ್ಯಾಂಡಲಿನ ನಡುವೆ ಇದೆ, ಬೀಸುವ ಕಲ್ಲಿನದು ಗೂಟದ ಪಕ್ಕದಲ್ಲಿ. ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನಾನು ಎಡವಿದ್ದು ಟ್ರ್ಯಾಕ್ಟರಿನಲ್ಲಿ ಮಾತ್ರ.

ಟ್ರ್ಯಾಕ್ಟರು ಅಂದಕೂಡಲೇ ನನ್ನನ್ನು ಜಮೀನುದಾರ ಅಂದುಕೊಂಡೀರಿ. ನಾನು ಸರ್ಕಾರಿ ಗುಮಾಸ್ತ. ಜಯನಗರ ಆಗಿನ್ನೂ ಹೊಸದು. ನಮ್ಮ ನಾಲ್ಕನೇ ಬ್ಲಾಕಿನ ಮನೆಯ ಹಿತ್ತಿಲಲ್ಲಿ ನಿಂತರೆ ಬೈರಸಂದ್ರದ ಕಡೆಯ ರಾಗಿ ಹೊಲ ಕಾಣುತ್ತಿತ್ತು. ಒಂದು ದಿನ ದಂಡು ಪ್ರದೇಶದ ಬಂಗಲೆಯೊಂದರಲ್ಲಿ ಹರಾಜು ಅಂತ ತಿಳಿದು, ಎರಡು ಬೆತ್ತದ ಕುರ್ಚಿ ತರಲು ಹೋದೆ. ತಂದದ್ದು ಕೈಯಲ್ಲಿ ಹಿಡಿದು ಹಿಂದೆ ನಡೆಯುವ, ಎರಡೇ ಗಾಲಿಯ, ಹಳೇ ಕಾಲದ ಗಾರ್ಡನ್ ಟ್ರ್ಯಾಕ್ಟರು. ಯಾರೋ ಇಂಗ್ಲಿಷ್ ದೊರೆ ಬಿಟ್ಟುಹೋದದ್ದು. ಜೊತೆಗೆ ಹುಲ್ಲು ಕತ್ತರಿಸುವ ಅಲಗು, ಒಂದು ಕುಂಟೆ, ಮಣ್ಣು ಸೀಳುವ ಗುಳವೇ ಇಲ್ಲದ ಒಂದು ನೇಗಿಲು. ನಮ್ಮ ಹಿತ್ತಿಲು ಎಷ್ಟು ಚಿಕ್ಕದೆಂದರೆ, ಅದನ್ನು ಒಳಗೆ ನಿಲ್ಲಿಸಿದ ಮೇಲೆ ಉಳಲು ಜಾಗವೇ ಇರಲಿಲ್ಲ. ನನ್ನ ಹೆಂಡತಿ ಶಾರದೆ ಅದನ್ನು ಒಂದು ಸುತ್ತು ಹಾಕಿ ನೋಡಿ, ‘ಕುರ್ಚಿ ಚೆನ್ನಾಗಿದೆ’ ಅಂದಳು.

ಅದರ ಎಂಜಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಪ್ಲಗ್ಗು ಬಿಚ್ಚಿ, ಆ ತೂತಿನಿಂದ ದಿನವೂ ಒಂದು ಚಮಚ ಹರಳೆಣ್ಣೆ ಕುಡಿಸಿದೆ. ಕಾಯಿಲೆ ಮಕ್ಕಳಿಗೂ ಎಂಜಿನ್ನಿಗೂ ಒಂದೇ ಔಷಧ ಅನ್ನುವುದು ನನ್ನ ವೈದ್ಯಕೀಯ ಸಂಶೋಧನೆ. ಹದಿನೆಂಟನೆಯ ದಿನ ಪಿಸ್ಟನ್ನು ಒಂದು ಬೆರಳಿನಷ್ಟು ಅಲ್ಲಾಡಿತು. ಆ ಸಂತೋಷಕ್ಕೆ ಶಾರದೆಯಿಂದ ಪಾಯಸ ಮಾಡಿಸಿದೆ. ಆಮೇಲೆ ಉಪ್ಪುಕಾಗದ, ಸೀಮೆಎಣ್ಣೆ, ಹಳೇ ಪಂಚೆ ಹಿಡಿದು ಕೂತರೆ ಭಾನುವಾರ ಹೋದದ್ದೇ ಗೊತ್ತಾಗುತ್ತಿರಲಿಲ್ಲ. ಕಚೇರಿಯಲ್ಲಿ ವರ್ಷವಿಡೀ ತಿಕ್ಕಿದರೂ ಒಂದು ಕಡತವೂ ಹೊಳೆಯುವುದಿಲ್ಲ. ಇಲ್ಲಿ ಅರ್ಧ ಗಂಟೆ ತಿಕ್ಕಿದರೆ ಹಿತ್ತಾಳೆ ನಗುತ್ತದೆ. ಹಳೇ ಯಂತ್ರದ ಹುಚ್ಚು ಹತ್ತುವುದು ಹೀಗೆ.

ನನ್ನ ತಿಕ್ಕಾಟ ನೋಡಲು ತಪ್ಪದೆ ಬರುತ್ತಿದ್ದವರು ಮುನಿಸ್ವಾಮಪ್ಪ. ಬೈರಸಂದ್ರದ ರೈತರು. ಅವರ ಹೊಲದ ಬಹುಪಾಲು ಬಡಾವಣೆಗೆ ಹೋಗಿ, ಕೆರೆಯ ಕಡೆ ಅರ್ಧ ಎಕರೆ ಉಳಿದಿತ್ತು. ಅದರಲ್ಲಿ ಸೊಪ್ಪು ಬೆಳೆಯುತ್ತಿದ್ದರು. ಆ ವರ್ಷ ಅವರ ಜೋಡಿಯಲ್ಲಿ ಒಂದು ಎತ್ತು ಸತ್ತಿತು. ಒಂಟಿ ಎತ್ತಿಗೆ ನೇಗಿಲು ಕಟ್ಟುವಂತಿಲ್ಲ; ಬಾಡಿಗೆಗೆ ತರೋಣವೆಂದರೆ ಹೊಲಗಳ ಜೊತೆಗೇ ಊರಿನ ಜೋಡಿಗಳೂ ಮಾರಾಟವಾಗಿದ್ದವು. ಉಳಿದದ್ದನ್ನೂ ಸೈಟು ಮಾಡಿ ಮಾರಿಬಿಡಿ ಅಂತ ಅಳಿಯ ದಿನಾ ಜೀವ ತಿನ್ನುತ್ತಿದ್ದ. ಮುನಿಸ್ವಾಮಪ್ಪನವರಿಗೆ ಮನಸ್ಸಿಲ್ಲ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ಒಂದು ಭಾನುವಾರ ತಮ್ಮ ಹಳೇ ನೇಗಿಲಿನ ಗುಳವನ್ನೇ ಕಿತ್ತು ತಂದು ನನ್ನ ಮುಂದಿಟ್ಟರು. ಕುಲುಮೆಯಲ್ಲಿ ಬಡಿಸಿ ಟ್ರ್ಯಾಕ್ಟರಿನ ನೇಗಿಲಿಗೆ ಹೊಂದಿಸಿದೆವು. ಆವತ್ತಿನಿಂದ ನನ್ನ ಆಟಕ್ಕೆ ಒಂದು ಜವಾಬ್ದಾರಿ ಬಂತು.

ಎಂಜಿನ್ನು ಆಯುಧಪೂಜೆಯ ಹಿಂದಿನ ದಿನ ಚಾಲೂ ಆಯಿತು. ಆ ಸದ್ದಿಗೆ ಪಕ್ಕದ ಮನೆಯ ಹಸು ಹಗ್ಗ ಕಿತ್ತುಕೊಂಡು ಓಡಿತು. ಮಾರನೆಯ ದಿನ ಪೂಜೆ ಆಗಬೇಕಲ್ಲ, ಹಣೆ ಎಲ್ಲಿ? ಬಹಳ ಯೋಚಿಸಿದೆ. ಎಲ್ಲಕ್ಕಿಂತ ಎತ್ತರದಲ್ಲಿ, ಪೆಟ್ರೋಲು ಟ್ಯಾಂಕಿನ ಮೇಲೆ, ನಾನೇ ಬೆಳಗಿದ ದುಂಡನೆಯ ಹಿತ್ತಾಳೆ ಮುಚ್ಚಳ ಹೊಳೆಯುತ್ತಿತ್ತು. ಇದಕ್ಕಿಂತ ಲಕ್ಷಣವಾದ ಹಣೆ ಮನುಷ್ಯರಿಗೂ ಇರುವುದಿಲ್ಲ. ಗಂಧ ತೇದು ಹಚ್ಚಿ, ನಟ್ಟನಡುವೆ ಕುಂಕುಮ ಇಟ್ಟೆ. ಆಮೇಲೆ ಅದೇ ರೂಢಿಯಾಯಿತು. ಸ್ನಾನ, ಸಂಧ್ಯಾವಂದನೆ, ಟ್ರ್ಯಾಕ್ಟರಿಗೆ ಗಂಧ, ಕಚೇರಿ.

ಅಲ್ಲಿಂದ ಶುರುವಾಯಿತು ಪೀಡೆ. ಎಂಜಿನ್ನು ಹತ್ತು ನಿಮಿಷ ಸೊಗಸಾಗಿ ಓಡುವುದು, ಬಿಕ್ಕಳಿಸುವುದು, ನಿಲ್ಲುವುದು. ಪೆಟ್ರೋಲು ಮುಗಿಯಿತೇನೋ ಅಂತ ಮುಚ್ಚಳ ತೆಗೆದರೆ ಅರ್ಧ ಟ್ಯಾಂಕು ಇರುತ್ತಿತ್ತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನು ಬಿಚ್ಚಿ, ಊದಿ, ಜೋಡಿಸಿದರೆ ಮತ್ತೆ ಹತ್ತು ನಿಮಿಷ ಓಡುವುದು. ಹೀಗೆ ಏಳು ಸಲ ಬಿಚ್ಚಿದೆ. ಪ್ರತಿ ಸಲವೂ ನನ್ನ ಊದುವಿಕೆಯಿಂದಲೇ ಓಡಿತು ಅಂತ ಹೆಮ್ಮೆ ಪಡುತ್ತಿದ್ದೆ. ದಿನ ಸರಿಯಿಲ್ಲವೇನೋ ಅನ್ನುವ ಅನುಮಾನವೂ ಬಂದು, ಗಂಧವನ್ನು ಇನ್ನಷ್ಟು ದಪ್ಪ ಹಚ್ಚಿದೆ.

ಹಾಗಿರುವಾಗ ಒಂದು ಶನಿವಾರ ಸಂಜೆ ಮುನಿಸ್ವಾಮಪ್ಪ ಬಂದು ಜಗಲಿಯ ಮೇಲೆ ಕೂತರು. ಟವೆಲ್ಲನ್ನು ಹೆಗಲಿನಿಂದ ತೆಗೆದು ಮಡಿಚಿದರು, ಬಿಡಿಸಿದರು.

“ಸೋಮವಾರ ಅಳಿಯ ಕಾಗ್ದ ತರ್ತಾನೆ ಸ್ವಾಮಿ. ನಾಳೆ ಇದು ಓಡಿದ್ರೆ ಉಳ್ತೀನಿ. ಇಲ್ಲಾಂದ್ರೆ ಹೆಬ್ಬೆಟ್ಟು ಒತ್ಬಿಡ್ತೀನಿ. ಬೀಳು ಬಿದ್ದಿರೋದನ್ನ ನೋಡಕ್ಕಾಗಲ್ಲ ನನ್ ಕೈಲಿ.”

ಆ ಮಾತು ಕೇಳಿ ನನಗೆ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಹೊಲಕ್ಕೆ ಹೋದೆವು. ಒಂಟಿ ಎತ್ತು ಹುಣಸೇಮರದ ಕೆಳಗೆ ಕಟ್ಟಿಹಾಕಿಸಿಕೊಂಡು ಮೆಲುಕು ಹಾಕುತ್ತಿತ್ತು. ಎರಡು ಸಾಲು ಉತ್ತದ್ದಾಯಿತು, ಬಿಕ್ಕಳಿಕೆ ಬಂತು, ನಿಂತಿತು. ಬಿಚ್ಚಿದೆ, ಊದಿದೆ. ಮತ್ತೆರಡು ಸಾಲು. ಮತ್ತೆ ನಿಂತಿತು. ಮೂರನೆಯ ಸಲ ನಿಂತಾಗ ಮುನಿಸ್ವಾಮಪ್ಪ ಬದುವಿನ ಮೇಲೆ ಹೋಗಿ ಕೂತುಬಿಟ್ಟರು. ಬೈದಿದ್ದರೆ ವಾಸಿಯಾಗಿತ್ತು. ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

ಶಾರದೆ ತಿಂಡಿ ಡಬ್ಬಿ ತಂದಿದ್ದಳು. ನಾನು ಎಂದಿನಂತೆ ಪೆಟ್ರೋಲು ನೋಡಲು ಮುಚ್ಚಳ ತಿರುಗಿಸಿದೆ. ಸುಂಯ್ ಅಂತ ಸಣ್ಣ ಸದ್ದು. ಅವಳು ಡಬ್ಬಿ ಕೆಳಗಿಟ್ಟಳು.

“ರೀ, ಸೀಮೆಎಣ್ಣೆ ಡಬ್ಬಕ್ಕೆ ಎರಡು ತೂತು ಯಾಕೆ ಹೊಡೀತೀವಿ?”

ಇದೇನು ಹೊತ್ತುಗೊತ್ತಿಲ್ಲದ ಪ್ರಶ್ನೆ ಅಂತ ರೇಗಿತು. ಒಂದರಲ್ಲಿ ಎಣ್ಣೆ ಬರೋದಕ್ಕೆ, ಇನ್ನೊಂದರಲ್ಲಿ ಗಾಳಿ ಹೋಗೋದಕ್ಕೆ, ಗಾಳಿ ಹೋಗದಿದ್ದರೆ ಎಣ್ಣೆ ಇಳಿಯಲ್ಲ, ಅಷ್ಟೂ ಗೊತ್ತಿಲ್ಲವೇ ಅಂದೆ.

“ನಿಮ್ಮ ಟ್ಯಾಂಕಿಗೆ ಗಾಳಿ ಎಲ್ಲಿಂದ ಹೋಗುತ್ತೆ?”

ಅಷ್ಟು ಹೇಳಿ ಮುಚ್ಚಳವನ್ನು ನನ್ನ ಕೈಯಿಂದ ತೆಗೆದುಕೊಂಡು, ತುರುಬಿನ ಪಿನ್ನು ಕಿತ್ತು, ನನ್ನ ಗಂಧದ ಗಟ್ಟಿ ಪದರವನ್ನು ಕೆರೆದಳು. ನಟ್ಟನಡುವೆ ಸಾಸಿವೆಕಾಳಿಗಿಂತ ಚಿಕ್ಕದೊಂದು ತೂತು. ದೊರೆಗಳು ಗಾಳಿಗೆಂದು ಬಿಟ್ಟಿದ್ದ ತೂತಿಗೆ ನಾನು ದಿನಾ ಭಕ್ತಿಯಿಂದ ಬಿರಡೆ ಹಾಕುತ್ತಿದ್ದೆ. ಅದು ಹತ್ತು ನಿಮಿಷ ಓಡುತ್ತಿದ್ದದ್ದು ನಾನು ಊದಿದ್ದರಿಂದಲ್ಲ, ಮುಚ್ಚಳ ತೆಗೆದದ್ದರಿಂದ. ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ಆ ಹೊತ್ತು ನನ್ನನ್ನು ನೋಡಿದವರಿಗೆ ಗೊತ್ತು. ಮುನಿಸ್ವಾಮಪ್ಪ ಬದುವಿನಿಂದ ಎದ್ದು ಬಂದು ಆ ತೂತನ್ನು ನೋಡಿದರು, ನನ್ನನ್ನು ನೋಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಧ್ಯಾಹ್ನದ ಹೊತ್ತಿಗೆ ಅರ್ಧ ಎಕರೆಯೂ ಮುಗಿಯಿತು. ಕೊನೆಯ ಸಾಲುಗಳನ್ನು ಮುನಿಸ್ವಾಮಪ್ಪನವರೇ ಉತ್ತರು. ಎತ್ತಿಗೆ ಹೇಳುವಂತೆ ಎಂಜಿನ್ನಿಗೂ ‘ಹೊಯ್, ಹೊಯ್’ ಅನ್ನುತ್ತಿದ್ದರು. ಸೋಮವಾರ ಅಳಿಯ ಬಂದಾಗ ಮಾವನವರು ಕೊತ್ತಂಬರಿ ಬೀಜ ಚೆಲ್ಲುತ್ತಿದ್ದರಂತೆ. ಕಾಗದ ಮಡಿಚಿದ್ದು ಮಡಿಚಿದ ಹಾಗೆಯೇ ವಾಪಸು ಹೋಯಿತು.

ಆಮೇಲೂ ಟ್ರ್ಯಾಕ್ಟರಿನ ಆರೈಕೆ ನನ್ನದೇ. ಶುಕ್ರವಾರ ಬೋಲ್ಟು ಬಿಗಿಮಾಡುತ್ತೇನೆ, ಅಲಗಿಗೆ ಎಣ್ಣೆ ಸವರುತ್ತೇನೆ. ಪೂಜೆ ಬಿಟ್ಟಿಲ್ಲ. ಆದರೆ ಕುಂಕುಮ ಇಡುವ ಮುಂಚೆ ಆ ಜಾಗದಲ್ಲಿ ತೂತಿದೆಯೇ ಅಂತ ನೋಡುತ್ತೇನೆ. ಮಕ್ಕಳ ಮೇಲೆ, ಸ್ನೇಹಿತರ ಮೇಲೆ ಪ್ರೀತಿ ಉಕ್ಕಿದಾಗಲೂ ಈಚೆಗೆ ಹಾಗೇ ಒಂದು ಸಲ ನೋಡಿಕೊಳ್ಳುವುದು ಅಭ್ಯಾಸವಾಗಿದೆ.

ಹಣೆಯ ವಿಷಯ ಮಾತ್ರ ಆ ಭಾನುವಾರವೇ ತೀರ್ಮಾನವಾಯಿತು. ಉಳುಮೆ ಮುಗಿದ ಮೇಲೆ ಮುನಿಸ್ವಾಮಪ್ಪ ಶಾರದೆ ಪೂಜೆಗೆಂದು ತಂದಿದ್ದ ಕುಂಕುಮದ ಭರಣಿ ಕೇಳಿ ಪಡೆದು, ಮೊಣಕಾಲೂರಿ ಕೂತು, ಮಣ್ಣು ಮೆತ್ತಿದ ತಮ್ಮ ಹಳೇ ಗುಳವನ್ನು ಟವೆಲ್ಲಿನಿಂದ ಒರೆಸಿದರು. “ಇಲ್ಲಿದೆ ಸ್ವಾಮಿ, ಇದರ ಹಣೆ” ಅಂದು, ಕುಂಕುಮದಲ್ಲಿ ಅದ್ದಿದ ಹೆಬ್ಬೆಟ್ಟನ್ನು ಅದರ ಮೇಲೆ ಒತ್ತಿದರು.